ಅಂಬೂ ಮೌಶಿ ತೆಗೆದ ಬಾಣಂತಿಯ ಫೋಟೋಗಳು

ಮಗು ಅಳುತ್ತಿತ್ತು. ನನಗೆ ಕೇಳಿಸುತ್ತಿತ್ತು. ಎದ್ದು ಎತ್ತಿಕೊಳ್ಳಬೇಕು ಎಂಬುದೂ ಗೊತ್ತಿತ್ತು. ಆದರೆ ಆ ಅಳು ಓಣಿಯ ಆಚೆ ಇನ್ಯಾರದೋ ಮನೆಯಿಂದ ಬರುತ್ತಿದೆ ಅನ್ನಿಸುತ್ತಿತ್ತು. ನಾನು ಹೊರಸಿನ ಮೇಲೆ ಮಲಗಿ ಜಂತಿ ನೋಡುತ್ತಿದ್ದೆ. ಕಡೆಗೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿ ಬಂದು ಕೂಸನ್ನು ನನ್ನ ಮಗ್ಗುಲಿಗೆ ಹಾಕಿದಳು.

"ಪಾರೂ, ಹಾಲ ಸೋರಿ ಕುಬಸ ತೊಯ್ದದ. ಕೂಸು ಹಸದು ಒದರಾಕತ್ತದ. ನಿನಗ ಕೇಳವಲ್ದೇನವ್ವಾ?"

ಕೇಳಿಸಿತು ಎಂದು ಹೇಳಲು ನಾಚಿಕೆಯಾಯಿತು. ಕೇಳಲಿಲ್ಲ ಅಂದೆ.

ಈ ವಯಸ್ಸಿನಲ್ಲಿ ಇದನ್ನು ಬರೆಯಲು ಕೂತಿದ್ದೇನೆ. ಹಾಗೆ ಜಂತಿ ನೋಡುತ್ತ ಮಲಗುವ ಬಾಣಂತಿಯರು ಇವತ್ತಿಗೂ ಇದ್ದಾರೆ. ಅವರಲ್ಲಿ ಒಬ್ಬಳು ಓದಿ, ತಾನೊಬ್ಬಳೇ ಅಲ್ಲ ಎಂದುಕೊಂಡರೆ ಸಾಕು. ಇನ್ನೊಂದು ಕಾರಣ ಅಂಬೂ ಮೌಶಿ. ಆಕೆ ನನ್ನ ಅತ್ತೆಯ ತಂಗಿ, ಸೊಲ್ಲಾಪುರದಲ್ಲಿ ಫೋಟೋ ತೆಗೆಯುತ್ತಿದ್ದ ಹೆಂಗಸು. ಆಕೆಯಂಥವರನ್ನು ನಾನು ಮತ್ತೆ ಕಂಡಿಲ್ಲ.

ನನ್ನ ತವರು ಭೀಮಾ ದಂಡೆಯ ಭಂಡಾರಕವಠೆ. ಕೊಟ್ಟಿದ್ದು ಅಕ್ಕಲಕೋಟಕ್ಕೆ. ಮನೆಯವರು ಅಲ್ಲಿ ಕನ್ನಡ ಸಾಲಿಯಲ್ಲಿ ಮಾಸ್ತರರು, ಅವರ ಅಣ್ಣ, ನನ್ನ ಭಾವ, ಹೊಲ ನೋಡಿಕೊಳ್ಳುತ್ತಿದ್ದರು. ಆಗಿನ್ನೂ ನಾವೆಲ್ಲ ಮುಂಬಯಿ ರಾಜ್ಯದಲ್ಲಿದ್ದೆವು. ಕಟ್ಟೆಯ ಮೇಲೆ ಕೂತ ಗಂಡಸರು ಯಾವ ಊರು ಯಾವ ಕಡೆ ಹೋಗುತ್ತದೆ ಎಂದು ಜಗಳಾಡುತ್ತಿದ್ದ ಕಾಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಹುಟ್ಟಿತು. ಹೆರಿಗೆ ಸುಸೂತ್ರವಾಯಿತು, ಐದನೆಯ ದಿನದ ಸಟವಾಯಿ ಪೂಜೆಯೂ ಆಯಿತು. ಅವ್ವ ಅಂಟಿನುಂಡಿ ಕಟ್ಟಿಟ್ಟಳು, ಹೊರಸಿನ ಕೆಳಗೆ ಕೆಂಡ ಇಟ್ಟಳು, ಕಿವಿಗೆ ಅರಳೆ ತುರುಕಿ ತಲೆಗೆ ಬಟ್ಟೆ ಬಿಗಿದಳು. ಬಾಣಂತನದಲ್ಲಿ ಒಂದೂ ಕೊರತೆಯಿರಲಿಲ್ಲ.

ನಿದ್ದೆ ಮಾತ್ರ ಬರಲಿಲ್ಲ. ಕೂಸು ಮಲಗಿದಾಗಲೂ ಬರಲಿಲ್ಲ. ಉಂಡಿ ತಿಂದರೆ ಮಣ್ಣು ತಿಂದ ಹಾಗೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವಷ್ಟರಲ್ಲಿ ಅವರು ಕೇಳಿದ್ದೇ ಮರೆತುಹೋಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಒಂದು ಹೆದರಿಕೆ. ನನ್ನ ಕೈಯಿಂದಲೇ ಈ ಕೂಸಿಗೆ ಏನಾದರೂ ಆಗಿಬಿಡುತ್ತದೆ, ನಾನು ಮುಟ್ಟದಿದ್ದರೆ ಅದು ಬದುಕುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಅದಕ್ಕೇ ನಾನು ಎತ್ತಿಕೊಳ್ಳುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ತಾಯಿಯಲ್ಲ ರಾಕ್ಷಸಿ ಅಂದಾರು. ಬಾಯಿ ಮುಚ್ಚಿಕೊಂಡೆ. ನೋಡಿದವರು ಅಂದುಕೊಂಡದ್ದು ಬೇರೆ.

"ಹೆಣ್ಣ ಹುಟ್ಯದಂತ ಮನಸಿಗಿ ಹಚ್ಕೊಂಡಾಳ," ಅಂದಳು ನೆರೆಮನೆಯ ಕಾಕಿ.

"ಹಸೇ ಮೈ, ಯಾವ್ದೋ ಗಾಳಿ ಸೋಕ್ಯದ," ಅಂದಳು ಇನ್ನೊಬ್ಬಳು.

ಅವ್ವ ಯಾವುದನ್ನೂ ಬಿಡಲಿಲ್ಲ. ಮೆಣಸಿನಕಾಯಿ ನೀವಾಳಿಸಿದಳು. ಬೀರೋಬಾನ ಗುಡಿಯಿಂದ ಭಂಡಾರದ ಅರಿಶಿಣ ತಂದು ಹಣೆ ತುಂಬ ಹಚ್ಚಿದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಹೊಲಕ್ಕೆ ಹೋಗಿದ್ದರು, ಅವ್ವ ಹಿತ್ತಲಲ್ಲಿದ್ದಳು. ನಾನು ಎದ್ದು ಬರಿಗಾಲಲ್ಲಿ ಹೊರಟೆ. ಕೂಸನ್ನು ತೊಟ್ಟಿಲಲ್ಲಿ ಬಿಟ್ಟಿದ್ದೆ. ಎಲ್ಲಿಗೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಕಾಲು ಹೊಳೆಯ ಕಡೆ ನಡೆಯುತ್ತಿತ್ತು. ದಂಡೆಯ ಕುರುಚಲಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕಿ ನನ್ನನ್ನು ನೋಡಿದಳು. ತಲೆಗೆ ಬಟ್ಟೆ, ಎದೆಯ ಮೇಲೆ ಹಾಲಿನ ಕಲೆ. ಬಾಣಂತಿ ಎಂದು ದೂರದಿಂದಲೇ ತಿಳಿದಿರಬೇಕು. ಬಂದು ರಟ್ಟೆ ಹಿಡಿದಳು. ಯಾಕೆ ಬಂದೆ, ಯಾರ ಮಗಳು, ಏನೂ ಕೇಳಲಿಲ್ಲ. ಜಾಲಿಯ ನೆರಳಲ್ಲಿ ಕಂಬಳಿ ಹಾಸಿ ಕೂಡಿಸಿ, ಈದ ಕುರಿಯೊಂದನ್ನು ತೋರಿಸಿ, "ಅದೂ ಮರಿ ಹತ್ರ ಬಿಟ್ಕೊಳ್ಳವಲ್ದು ನೋಡು. ಒಂದೀಟ ತಡೀತದ, ಆಮ್ಯಾಗ ಬಿಟ್ಕೊಂತದ," ಅಂದಳು. ಬಿಸಿಲು ಇಳಿದ ಮೇಲೆ ತಾನೇ ಮನೆತನಕ ಬಂದು ಬಿಟ್ಟುಹೋದಳು. ಅವ್ವನಿಗೆ ಆಕೆ ಹೇಳಿದ್ದು ಇಷ್ಟೇ: "ಒಬ್ಬಾಕಿನ್ನ ಬಿಡಬ್ಯಾಡ್ರಿ."

ಅವತ್ತೇ ಅಪ್ಪ ಅಕ್ಕಲಕೋಟಕ್ಕೆ ಹೇಳಿ ಕಳಿಸಿದ.

ಅತ್ತೆ ನೀಲವ್ವ, ಭಾವ, ಮನೆಯವರು ಮೂವರೂ ಬಂದರು. ಪಡಸಾಲೆಯಲ್ಲಿ ಕೂತು ಮಾತಾಡಿದ್ದು ಒಳಗೆ ಹೊರಸಿನ ಮೇಲಿದ್ದ ನನಗೆ ಕೇಳಿಸುತ್ತಿತ್ತು.

"ಕೂಸಿನ್ನ ನಾವು ಒಯ್ತೀವಿ," ಅಂದರು ಭಾವ. "ಈಕಿ ಆರಾಮ ಆಗೂತನಾ ಇಲ್ಲೇ ಇರ್ಲಿ. ಆಗ್ಲಿಲ್ಲಂದ್ರ ತಮ್ಮಗ ಮುಂದ ಏನರ ಬ್ಯಾರೆ ನೋಡ್ಬೇಕಾಗ್ತದ."

ಮನೆಯವರು, "ಅಣ್ಣಾ, ಆ ಮಾತ ಈಗ ಬ್ಯಾಡ," ಅಂದರು. ಅವರ ದನಿ ಎಷ್ಟು ಸಣ್ಣದಿತ್ತೆಂದರೆ ಆ ಮಾತು ನಿಲ್ಲುತ್ತದೆಂದು ನನಗೆ ಅನ್ನಿಸಲಿಲ್ಲ.

ಅತ್ತೆ ಎದ್ದು ಒಳಗೆ ಬಂದರು. ಅವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಂಜಿಕೆ. ಬಿರುಸು ಹೆಂಗಸು, ನಗು ಕಡಿಮೆ. ಹೊರಸಿನ ಅಂಚಿಗೆ ಕೂತು ನನ್ನ ತಲೆಯ ಬಟ್ಟೆ ಬಿಚ್ಚಿದರು. ಕೂದಲು ಜಡೆಗಟ್ಟಿತ್ತು. ಎಣ್ಣೆ ತರಿಸಿ, ಗಂಟು ಗಂಟಾಗಿ ಬಿಡಿಸುತ್ತ ಕೇಳಿದರು:

"ನಿದ್ದಿ ಬರ್ತದೇನ?"

ಇಷ್ಟು ದಿನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

"ಇಲ್ರಿ."

"ಯಾವಾಗಿಂದ?"

"ಹಡದಾಗಿಂದ್ರಿ."

"ಕೂಸಿನ್ನ ಯಾಕ ಎತ್ಕೊಳ್ಳವಲ್ಲಿ?"

"ಅಂಜಿಕಿ ಬರ್ತದ್ರಿ. ನನ್ನ ಕೈಲಿಂದ ಅದಕ್ಕೇನರ ಆದೀತಂತ."

ಅವರು ಕೊನೆಯ ಗಂಟನ್ನೂ ಬಿಡಿಸಿದರು. ಜಡೆ ಹಾಕಿ ಮುಗಿಸಿ ಪಡಸಾಲೆಗೆ ಹೋಗಿ ಹೇಳಿದರು: "ಗಾಡಿ ಹೂಡ್ರಿ. ಸೊಲ್ಲಾಪುರಕ್ಕ ಕರ್ಕೊಂಡ ಹೊಂಟೀನಿ. ತಾಯೀನೂ, ಮಗಳ್ನೂ."

"ಅವ್ವಾ, ಸೊಲ್ಲಾಪುರದಾಗ ಯಾರ ನೋಡ್ತಾರ?" ಅಂದರು ಭಾವ.

"ಡಾಕ್ಟರು ನೋಡ್ತಾರ. ಉಳದದ್ದು ನಾ ನೋಡ್ತೀನಿ. ಅಂಬೂನ ಮನಿ ಅದ."

ಎತ್ತಿನ ಗಾಡಿಯಲ್ಲಿ ದೊಡ್ಡ ದಾರಿಯ ತನಕ, ಅಲ್ಲಿಂದ ಸರಕಾರಿ ಬಸ್ಸು, ನಮ್ಮ ಮಾತಿನಲ್ಲಿ ಎಸ್‌ಟಿ. ಕೂಸು ಅತ್ತೆಯ ತೊಡೆಯ ಮೇಲೆ, ನಾನು ಕಿಟಕಿಗೆ ತಲೆಯಾನಿಸಿ.

ದವಾಖಾನೆಯ ಉದ್ದ ಪಡಸಾಲೆಯಲ್ಲಿ ಗೋಡೆಗುಂಟ ಬಾಕುಗಳು, ಕೂಡುವ ಬೆಂಚುಗಳು. ಗಿರಣಿಗೆ ಹೋಗುವ ಹೆಂಗಸರು, ಮಗ್ಗದವರ ಮನೆಯ ತೆಲುಗು ಹೆಂಗಸರು, ಬುರ್ಖಾ ತೊಟ್ಟವರು. ಮರಾಠಿ, ತೆಲುಗು, ಉರ್ದು, ನಮ್ಮ ಕನ್ನಡ ಎಲ್ಲ ಒಂದೇ ಗದ್ದಲವಾಗಿತ್ತು. ನಮ್ಮ ಪಾಳಿ ಬರಲಿಲ್ಲ. ಕೂಸು ಹಸಿವಿನಿಂದ ಅಳಲು ಶುರು ಮಾಡಿತು. ಅತ್ತೆ ನನ್ನ ಮಡಿಲಿಗೆ ಕೊಟ್ಟರು. ನನ್ನ ಕೈ ಕಟ್ಟಿಗೆಯಾದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಪಕ್ಕದಲ್ಲಿ ಮಗ್ಗದವರ ಮನೆಯ ಒಬ್ಬ ಹೆಂಗಸು ತನ್ನ ಕೂಸಿಗೆ ಹಾಲು ಕುಡಿಸಿ ಈಗಷ್ಟೇ ಮಲಗಿಸಿದ್ದಳು. ತೆಲುಗಿನಲ್ಲಿ ಏನೋ ಅಂದಳು, ನಮಗೆ ತಿಳಿಯಲಿಲ್ಲ. ಕೈ ಚಾಚಿದಳು. ಅತ್ತೆಯ ಮುಖ ನೋಡಿ, ಅತ್ತೆ ತಲೆಯಾಡಿಸಿದ ಮೇಲೆ ನನ್ನ ಮಗಳನ್ನು ಎತ್ತಿಕೊಂಡು ಸೆರಗಿನ ಒಳಗೆ ಹಾಕಿಕೊಂಡಳು. ಅಳು ನಿಂತಿತು. ನೀರು ಮುಟ್ಟಿಸಿಕೊಳ್ಳುವುದಕ್ಕೂ ಹತ್ತು ಸಲ ವಿಚಾರ ಮಾಡುವ ನಮ್ಮ ಅತ್ತೆ ಆ ಹೆಂಗಸಿನ ಜಾತಿ ಕೇಳಲಿಲ್ಲ. ತಮ್ಮ ಗಂಟಿನಿಂದ ಅಂಟಿನುಂಡಿ ತೆಗೆದು ಆಕೆಯ ಕೈಗಿಟ್ಟು, "ತಿನ್ನವ್ವಾ, ನಿನಗೂ ಶಕ್ತಿ ಬೇಕು," ಅಂದರು. ಆಕೆಗೆ ಕನ್ನಡ ಬರುತ್ತಿರಲಿಲ್ಲ. ತಿಂದಳು.

ಡಾಕ್ಟರ್ ಬಾಯಿ, ಅಂದರೆ ಹೆಣ್ಣು ಡಾಕ್ಟರು, ಮರಾಠಿಯವರು. ಅತ್ತೆ ತಮ್ಮ ಕನ್ನಡ ಬೆರೆತ ಮರಾಠಿಯಲ್ಲಿ ಎಲ್ಲ ಹೇಳಿದರು. ನಿದ್ದೆ ಇಲ್ಲದ್ದು, ಹೊಳೆಯ ಕಡೆ ಹೋದದ್ದು, ನಾನು ಕೂಸಿಗೆ ಅಂಜುವುದು. ಯಾವುದನ್ನೂ ಮುಚ್ಚಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ. ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿ ನಿಧಾನವಾಗಿ, "ಬಾಳಂತಪಣಾತ್ ಅಸಂ ಹೋತಂ. ತುಝಾ ದೋಷ ನಾಹೀ," ಅಂದರು. ಬಾಣಂತನದಲ್ಲಿ ಹೀಗಾಗುತ್ತದೆ, ನಿನ್ನ ತಪ್ಪಲ್ಲ. ಆ ಮಾತು ನನ್ನ ಒಳಗೆ ಇಳಿಯಲು ಬಹಳ ದಿನ ಬೇಕಾಯಿತು. ಆದರೆ ಅತ್ತೆಯೊಳಗೆ ಆಗಲೇ ಇಳಿದಿತ್ತು. ಹೊರಗೆ ಬಂದು ಅವರು ದೇವರಿಗೆ ಕೈ ಮುಗಿಯುವಂತೆ ಆ ಬಾಗಿಲಿಗೆ ಮುಗಿದರು. ಡಾಕ್ಟರ್ ಬಾಯಿ ನಿದ್ದೆಗೆ ಔಷಧ ಕೊಟ್ಟು, ಸೊಲ್ಲಾಪುರದಲ್ಲೇ ಇದ್ದು ವಾರಕ್ಕೊಮ್ಮೆ ಬರಲು ಹೇಳಿದ್ದರು. ಒಬ್ಬಳನ್ನೇ ಬಿಡಬೇಡಿ, ಕೂಸನ್ನು ದೂರ ಮಾಡಬೇಡಿ, ಹತ್ತಿರವಿಟ್ಟು ಬೇರೆಯವರು ನೋಡಿಕೊಳ್ಳಲಿ ಎಂದಿದ್ದರು.

ಹೀಗೆ ನಾವು ಅಂಬೂ ಮೌಶಿಯ ಮನೆ ಸೇರಿದೆವು.

ಮೌಶಿಯ ಗಂಡ ಫೋಟೋಗ್ರಾಫರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಮೈದುನರು ಸ್ಟುಡಿಯೋ ಮುಚ್ಚಿ ಊರಿಗೆ ಬಾ ಅಂದರಂತೆ. ಮೌಶಿ ಹೋಗಲಿಲ್ಲ. ಗಂಡನಿಂದ ಕಲಿತಿದ್ದ ಕೆಲಸವನ್ನು ತಾನೇ ನಡೆಸಿದಳು. ಹೆಂಗಸು ಫೋಟೋ ತೆಗೆಯುತ್ತಾಳೆಂದು ಗೋಷೆಯ ಮನೆಗಳವರು, ಹೊಸ ಸೊಸೆಯರು, ಬಾಣಂತಿಯರು ಅಂಜಿಕೆಯಿಲ್ಲದೆ ಬರುತ್ತಿದ್ದರು. ಕುಳ್ಳಿ, ಬಿಳಿ ಸೀರೆ, ಕನ್ನಡಕಕ್ಕೆ ದಾರ, ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಕಂದುಗಟ್ಟಿದ ಬೆರಳು. ಮುಂದೆ ಸ್ಟುಡಿಯೋ, ಹಿಂದೆ ಎರಡು ಕೋಣೆಯ ಮನೆ ಮತ್ತು ಬಚ್ಚಲು. ಗಿರಣಿಯ ಭೋಂಗಾ ಕೂಗಿದಾಗೆಲ್ಲ ಗೋಡೆಗೆ ತೂಗುಹಾಕಿದ ಚಿತ್ರಗಳು ನಡುಗುತ್ತಿದ್ದವು.

ಗಿರಾಕಿಗಳಿಗೆ ಕರಿ ಅರಿವೆ ಹೊದೆಯುವ ದೊಡ್ಡ ಕ್ಯಾಮೆರಾ. ತನಗೆ ಅಂತ ಒಂದು ಚಿಕ್ಕದು ಇಟ್ಟುಕೊಂಡಿದ್ದಳು, ಎರಡು ಕಣ್ಣಿನದು, ಕೊರಳಿಗೆ ತೂಗುಹಾಕಿಕೊಳ್ಳುವುದು. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಹಾಗಾಗಿ ಮೌಶಿ ಫೋಟೋ ತೆಗೆಯುವಾಗ ಎದುರಿನವರಿಗೆ ತಲೆ ಬಾಗಿಸಿ ನಿಂತ ಹಾಗೆ ಕಾಣುತ್ತಿತ್ತು.

ಮೌಶಿಗೆ ಮಕ್ಕಳಿರಲಿಲ್ಲ. ನಾವು ಬಂದ ಸುದ್ದಿ ಕೇಳಿ ಅಕ್ಕಲಕೋಟದಿಂದ ಬಂದ ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಆಕೆಯ ಎದುರೇ ಅಂದಳು: "ಹಡೀಲಾರ್ದಾಕಿಗಿ ಬಾಣಂತಿ ಸುದ್ದಿ ಏನ ಗೊತ್ತ ಆಗ್ತದ?"

ಮೌಶಿ ಸಿಟ್ಟಿಗೇಳಲಿಲ್ಲ. "ಖರೇ ಅದ. ನಂಗ ಗೊತ್ತಿಲ್ಲ. ಗೊತ್ತಿಲ್ಲಂತನ ನೋಡ್ತೀನಿ," ಅಂದಳು.

ಆಕೆ ಬಹಳ ದಿನದಿಂದ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು. ತೊಟ್ಟಿಲ ಶಾಸ್ತ್ರ ಮುಗಿಸಿಕೊಂಡು ಬಾಣಂತಿಯರು ಫೋಟೋಕ್ಕೆ ಬರುತ್ತಿದ್ದರಲ್ಲ, ಇಳಕಲ್ಲ ಸೀರೆ, ನತ್ತು, ಹೂವಿನ ದಂಡೆ, ಮಡಿಲಲ್ಲಿ ಕುಂಚಿಗೆ ತೊಟ್ಟ ಕೂಸು. ನಗು ಅಂದರೆ ನಗುತ್ತಿದ್ದರು. "ಫೋಟೋ ಆತು ಏಳ್ರಿ ಅಂದ ಮ್ಯಾಲೆ ಅವರ ಮಾರಿ ಬ್ಯಾರೆ ಆಗ್ತದ ಪಾರೂ," ಎಂದು ಒಂದು ದಿನ ಹೇಳಿದಳು. "ದಣದದ್ದು, ಅಂಜಿದ್ದು, ನಿದ್ದಿ ಇಲ್ಲದ್ದು. ಕೂಸಿನ ಮ್ಯಾಲೆ ಪ್ರೀತೀನೂ ಅದರಾಗ ಇರ್ತದ. ಆ ಮಾರಿ ಯಾರೂ ತಗದಿಲ್ಲ. ನಂಗ ಅದು ಭಾಳ ಚಂದ ಕಾಣ್ತದ."

ಔಷಧದಿಂದ ಸ್ವಲ್ಪ ನಿದ್ದೆ ಹತ್ತಲು ಶುರುವಾದ ಮೇಲೆ ಆಕೆ ಕೇಳಿದಳು: "ನಿಂದು ತಗೀಲೇನು? ಬ್ಯಾಡಂದ್ರ ಬ್ಯಾಡ."

"ನಗಬೇಕೇನ್ರಿ?"

"ಬ್ಯಾಡ. ಏನೂ ಮಾಡಬ್ಯಾಡ. ನೀ ಹ್ಯಾಂಗ ಇರ್ತಿ ಹಂಗ ಇರು. ನಾ ಇಲ್ಲಿ ಇರ್ತೀನಿ."

ನಾನು ಹೂಂ ಅಂದೆ. ನಗದೆ ಇರಲು ನನಗೆ ಅಪ್ಪಣೆ ಕೊಟ್ಟವಳು ಆಕೆ. ಮನೆಗೆ ಬಂದವರೆಲ್ಲ, "ನಕ್ಕೋಂತ ಇರವ್ವಾ, ಹಾಲಿಗಿ ಛಲೋ," ಅನ್ನುತ್ತಿದ್ದ ದಿನಗಳು ಅವು.

ಮೌಶಿ ತೆಗೆಯುವುದು ಗೊತ್ತೇ ಆಗುತ್ತಿರಲಿಲ್ಲ. ನಾನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾಗ ತೆಗೆದಳು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಉದುರುತ್ತಿತ್ತು, ಆ ಕೂದಲು ಹಿಡಿದ ನನ್ನ ಅಂಗೈ ತೆಗೆದಳು. ಒಣಹಾಕಿದ ಬಟ್ಟೆಗಳ ನಡುವೆ ಗಂಟೆಗಟ್ಟಲೆ ಮೈಮರೆತು ನಿಂತ ನನ್ನನ್ನು ತೆಗೆದಳು. ಬೆಳಕಿಗೆಂದು ಸ್ಟುಡಿಯೋದ ಚಾವಣಿಯಲ್ಲಿ ಕೂರಿಸಿದ ಗಾಜಿನ ಕೆಳಗೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದೂ ಒಂದಿದೆ. ಅದರಲ್ಲಿ ನಾನು ಕೂಸನ್ನು ಹಿಡಿದಿರುವುದು ಯಾರೋ ಕೊಟ್ಟುಹೋದ ಗಂಟನ್ನು ಹಿಡಿದ ಹಾಗೆ. ಕಣ್ಣು ಎಲ್ಲೋ ಇದೆ. ಬೆಳಕು ಮಾತ್ರ ಇಬ್ಬರ ಮೇಲೂ ಸಮನಾಗಿ ಬಿದ್ದಿದೆ. ಒಂದು ಚಿತ್ರಕ್ಕಾಗಿ ಮೌಶಿ ಮೋಡ ಸರಿಯಲಿ ಎಂದು ಅರ್ಧ ದಿನ ಕಾಯುತ್ತಿದ್ದಳು. ಸರಿಯದಿದ್ದರೆ ನಾಳೆ ನೋಡೋಣ ಅನ್ನುತ್ತಿದ್ದಳು. ನನ್ನ ಮುಖವನ್ನು ಅಷ್ಟು ತಾಳ್ಮೆಯಿಂದ, ಅಷ್ಟು ಮರ್ಯಾದೆಯಿಂದ ಯಾರೂ ನೋಡಿರಲಿಲ್ಲ.

ಒಂದು ಬೆಳಗ್ಗೆ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದರು. ನಾನು ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಮೌಶಿ ಬಾಗಿಲಲ್ಲಿದ್ದಳು. ಎರಡು ದಿನ ಬಿಟ್ಟು ನನ್ನನ್ನು ಕತ್ತಲ ಕೋಣೆಗೆ ಕರೆದಳು. ಕೆಂಪು ದೀಪ, ಹುಳಿ ವಾಸನೆ. ಬಿಳಿ ಕಾಗದವನ್ನು ತಟ್ಟೆಯ ಔಷಧಿ ನೀರಿನಲ್ಲಿ ಮುಳುಗಿಸಿ ಅಲುಗಿಸುತ್ತ, "ನೋಡ್ಕೋಂತ ಇರು," ಅಂದಳು.

ಮೊದಲು ಅತ್ತೆಯ ಕಾಲು ಮೂಡಿದವು, ಆಮೇಲೆ ಕೂಸಿನ ಬೆನ್ನು, ಎಣ್ಣೆಯ ಮಿಂಚು. ಹಿಂದೆ ನನ್ನ ಮುಖ. ಅದು ನಾನು ಅಂದುಕೊಂಡ ಹಾಗೆಯೇ ಇತ್ತು, ಸಪ್ಪಗೆ, ಬಾಗಿಲ ಕಡೆ ತಿರುಗಿ. ಆದರೆ ಕೆಳಗೆ, ಅತ್ತೆಯ ಮೊಣಕಾಲಿನ ಹತ್ತಿರ, ಇನ್ನೊಂದು ಕೈ ಮೂಡಿತು. ಕೂಸು ಜಾರದಂತೆ ಅದರ ಪಾದವನ್ನು ಹಿಡಿದುಕೊಂಡಿತ್ತು.

"ಇದು ಯಾರ ಕೈರಿ ಮೌಶಿ?"

"ನೀನ ಹೇಳು."

ಬಳೆಗಳನ್ನು ನೋಡಿದೆ. ಅವ್ವ ತೊಡಿಸಿದ ಹಸಿರು ಬಳೆ, ಚಿತ್ರದಲ್ಲಿ ಕರ್ರಗೆ ಕಾಣುತ್ತಿದ್ದವು. ಕೈ ನನ್ನದು. ನಾನು ಹಿಡಿದದ್ದು ನನಗೆ ನೆನಪೇ ಇರಲಿಲ್ಲ. ಯಾವ ಕೈಗೆ ನಾನು ಅಂಜಿ ಅಂಜಿ ಸಾಯುತ್ತಿದ್ದೆನೋ ಆ ಕೈ ನನ್ನನ್ನು ಕೇಳದೆ ಹೋಗಿ ಕೂಸು ಬೀಳದ ಹಾಗೆ ಹಿಡಿದಿತ್ತು.

ನಾನು ಅಳತೊಡಗಿದೆ. ಹಡೆದ ಮೇಲೆ ಕಣ್ಣೀರು ಬಂದದ್ದು ಅದೇ ಮೊದಲು. ಮೌಶಿ ಸಮಾಧಾನ ಹೇಳಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಬೆನ್ನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ತಟ್ಟೆ ಅಲುಗಿಸುತ್ತಲೇ ಇದ್ದಳು. ಇಲ್ಲದಿದ್ದರೆ ಚಿತ್ರ ಕೆಡುತ್ತಿತ್ತು.

ಅವತ್ತಿನಿಂದ ಆರಾಮಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಚೆನ್ನಾಗಿದ್ದೆ. ಮೌಶಿ ಕುಟ್ಟಿದ ಶೇಂಗಾ ಚಟ್ನಿಯ ಖಾರ ನಾಲಿಗೆಗೆ ಹತ್ತಿತು, ಇನ್ನೊಂದು ರೊಟ್ಟಿ ಕೇಳಿದೆ. ಅತ್ತೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಒಮ್ಮೆ ಕೂಸು ಮೌಶಿಯ ಕರಿ ಅರಿವೆಯ ಮೇಲೆ ಉಚ್ಚೆ ಹೊಯ್ದಿತು, ಒಳಗಿದ್ದ ಮೌಶಿಯ ತಲೆಯೂ ತೊಯ್ದಿತು. ನಾನು ನಕ್ಕೆ. ಮೌಶಿ ಚಿಕ್ಕ ಕ್ಯಾಮೆರಾ ಎತ್ತಿ ಅದನ್ನು ತೆಗೆದಳು, ಆದರೆ ಆಕೆಯೂ ನಗುತ್ತಿದ್ದದ್ದರಿಂದ ಚಿತ್ರ ಅಲುಗಾಡಿ ಮಸುಕಾಯಿತು.

ಕೂಸು ಬೋರಲು ಬೀಳುವ ಹೊತ್ತಿಗೆ ಮತ್ತೆ ಕತ್ತಲೆ ಕವಿಯಿತು, ಮೊದಲಿಗಿಂತ ಜೋರಾಗಿ. ಎರಡು ದಿನ ಒಂದು ತುತ್ತು ಇಳಿಯಲಿಲ್ಲ. ಡಾಕ್ಟರ್ ಬಾಯಿ ದವಾಖಾನೆಯಲ್ಲೇ ಇರಿಸಿಕೊಂಡರು. ಎತ್ತರದ ಕಿಟಕಿ, ಸಾಲು ಮಂಚ. ಕೂಸನ್ನು ಅತ್ತೆ ದಿನಾ ತಂದು ಮಗ್ಗುಲಲ್ಲಿ ಮಲಗಿಸಿ ಕರೆದೊಯ್ಯುತ್ತಿದ್ದರು. ಮೌಶಿಯೂ ಸ್ಟುಡಿಯೋ ಮುಚ್ಚಿ ಬರುತ್ತಿದ್ದಳು. ಆ ಕಿಟಕಿಯ ಬೆಳಕು ಎಷ್ಟು ಚೆಂದವಿತ್ತೆಂದರೆ, ಅದನ್ನು ನೋಡಿ ಆಕೆಯ ಕೈ ತುರಿಸುತ್ತಿರಬೇಕು ಎಂದು ನನಗೇ ಅನ್ನಿಸಿತು.

"ಕ್ಯಾಮೆರಾ ಯಾಕ ತಂದಿಲ್ರಿ?" ಎಂದು ಕೇಳಿದೆ. ಆ ದಿನ ನಾನು ಆಡಿದ್ದು ಅದೊಂದೇ ಮಾತು.

"ನಿನ್ನ ನೋಡಾಕ ಬಂದೀನಿ, ತಗ್ಯಾಕ ಅಲ್ಲ," ಅಂದಳು.

ಮುಖ ತೊಳೆಸಿ, ಉಗುರು ಕತ್ತರಿಸಿ, ಮಂಚದ ಪಕ್ಕ ಸುಮ್ಮನೆ ಕೂತಳು. ಅಂಥ ಚಿತ್ರ ಬಿಟ್ಟುಕೊಡುವುದು ಚಿತ್ರ ತೆಗೆಯುವವರಿಗೆ ಎಷ್ಟು ಕಷ್ಟವೆಂಬುದು ಆಕೆಯ ಕೈಕೆಳಗೆ ಕೆಲಸ ಕಲಿತ ಮೇಲೆ ನನಗೆ ತಿಳಿಯಿತು.

ಡಾಕ್ಟರ್ ಬಾಯಿ ಔಷಧ ಬದಲಿಸಿದರು. ಕತ್ತಲೆ ಬಂದ ಹಾಗೆಯೇ, ನಿಧಾನವಾಗಿ, ಹಿಂದೆ ಸರಿಯಿತು. ಮನೆಯವರು ಪ್ರತಿ ಶನಿವಾರ ಸಾಲಿ ಬಿಟ್ಟ ಮೇಲೆ ಎಸ್‌ಟಿ ಹಿಡಿದು ಬರುತ್ತಿದ್ದರು. ಬಂದು ಕೂಸನ್ನು ಆಡಿಸಿ, ನನ್ನೊಡನೆ ಏನು ಮಾತಾಡಬೇಕೆಂದು ತಿಳಿಯದೆ ಕೂತು, ಭಾನುವಾರ ಹೋಗುತ್ತಿದ್ದರು. ನಾನು ದವಾಖಾನೆಯಿಂದ ಬಂದ ವಾರ ಮೌಶಿ ಅವರ ಮುಂದೆ ಚಿತ್ರಗಳನ್ನು ಹರಡಿದಳು. ಅವರು ಒಂದೊಂದನ್ನೇ ಎತ್ತಿ ಕಿಟಕಿಯ ಹತ್ತಿರ ಒಯ್ದು ನೋಡಿದರು. ಬಹಳ ಹೊತ್ತಾದ ಮೇಲೆ ನನ್ನ ಹತ್ತಿರ ಬಂದು ಕೂತರು.

"ನಿನಗ ಇಷ್ಟ ತ್ರಾಸ ಇತ್ತಂತ ನಂಗ ತಿಳೀಲಿಲ್ಲ ನೋಡು."

"ನಾ ಹೇಳ್ಲಿಲ್ರಿ."

"ಹೇಳಿದ್ರ ತಿಳೀತಿತ್ತೋ ಇಲ್ಲೋ."

ಅವತ್ತಿನಿಂದ ಅವರು ಬಂದಾಗೆಲ್ಲ ನಿದ್ದೆ ಬಂತೇ ಎಂದು ಕೇಳುತ್ತಿದ್ದರು. ಇನ್ನೊಂದು ಮದುವೆಯ ಮಾತನ್ನು ಅಣ್ಣನ ಬಾಯಿಂದ ಮತ್ತೆ ಬರಗೊಡಲಿಲ್ಲ.

ನಾವು ಅಕ್ಕಲಕೋಟಕ್ಕೆ ಮರಳಿ, ಮರುವರ್ಷ ಮತ್ತೆ ಮೌಶಿಯ ಮನೆಗೆ ಬಂದಿದ್ದಾಗ ಸೊಲ್ಲಾಪುರದ ಫೋಟೋ ಹವ್ಯಾಸಿಗಳು ಒಂದು ವಾಚನಾಲಯದ ಸಭಾಗೃಹದಲ್ಲಿ ಪ್ರದರ್ಶನ ಇಡುವವರಿದ್ದರು. ಮೌಶಿ ನನ್ನನ್ನು ಒಬ್ಬಳನ್ನೇ ಕೂಡಿಸಿಕೊಂಡು ಕೇಳಿದಳು.

"ಇವು ನಾ ತಗದದ್ದು ಖರೇ, ಆದ್ರ ನಿನ್ನವು. ನೀ ಬ್ಯಾಡಂದ್ರ ಪೆಟ್ಟಿಗ್ಯಾಗ ಇರ್ತಾವ. ನಂಗೇನೂ ಬ್ಯಾಸರ ಇಲ್ಲ."

ಬ್ಯಾಸರ ಆಗುತ್ತದೆಂದು ನನಗೆ ಗೊತ್ತಿತ್ತು. ಆಕೆಯ ಜೀವಮಾನದ ಕೆಲಸ ಅದು. ಎರಡು ದಿನ ವಿಚಾರ ಮಾಡಿ ಹೇಳಿದೆ: "ಹೆಸರ ಹಾಕಬ್ಯಾಡ್ರಿ. ಮಾರಿ ಇರ್ಲಿ."

ಭಾವ ಅಕ್ಕಲಕೋಟದಿಂದ ಎದ್ದು ಬಂದರು. "ಮನಿ ಹೆಣ್ಮಗಳ ಫೋಟೋ ಪ್ಯಾಟ್ಯಾಗ ತೂಗ ಹಾಕ್ತಾರೇನು? ಅದೂ ತಲಿ ಕೆದರಿದ್ದು. ನಾಳಿ ಮಂದಿ ಏನಂದಾರು?"

ಅತ್ತೆ ಕಾಳು ಹಸನು ಮಾಡುತ್ತಿದ್ದವರು ಮೊರ ಕೆಳಗಿಡಲಿಲ್ಲ. "ಆ ಫೋಟೋದಾಗ ನನ್ನ ಕಾಲೂ ಅದಾವ. ಮೊಳಕಾಲತನಾ ಸೀರಿ ಸರಸೀನಿ. ಹಾಕ್ರಿ ಅಂತ ನಾನ ಹೇಳೀನಿ. ಮಂದಿ ಅನ್ನೂದಿದ್ರ ನನಗ ಬಂದ ಅನ್ನಲಿ."

ಭಾವ ಚಹ ಕುಡಿದು ಹೋದರು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗಳು ಸುಮನ ಬೆಳೆದಳು, ಈಗ ಆಕೆಯೇ ಅಜ್ಜಿ. ಎರಡನೆಯ ಹೆರಿಗೆಯಾದ ಮೇಲೆ ಆ ಕತ್ತಲೆ ನನಗೆ ಮತ್ತೆ ಬಂತು. ಈ ಸಲ ಗುರುತಿತ್ತು, ಅಡಗಿಸಲಿಲ್ಲ, ನಾನೇ ಅತ್ತೆಗೆ ಹೇಳಿ ಸೊಲ್ಲಾಪುರದ ಎಸ್‌ಟಿ ಹತ್ತಿದೆ. ಬೇಗ ಹೋಯಿತು. ರಜೆಯಲ್ಲಿ ಹೋದಾಗೆಲ್ಲ ಮೌಶಿಯ ಹತ್ತಿರ ಕೆಲಸ ಕಲಿತೆ. ಆಕೆಯಷ್ಟು ಚೆನ್ನಾಗಿ ನನಗೆ ಎಂದೂ ಬರಲಿಲ್ಲ. ಬೆಳಕಿಗೆ ಕಾಯುವ ತಾಳ್ಮೆ ನನಗಿಲ್ಲ. ಮೌಶಿ ಕಡೆಯತನಕ ಬಾಣಂತಿಯರನ್ನು ತೆಗೆದಳು, ನಗುವವರನ್ನೂ ನಗದವರನ್ನೂ. ಅತ್ತೆ ನೀಲವ್ವ ಹೋದದ್ದು ಆಕೆಗಿಂತ ಮೊದಲು. ಈ ಇಬ್ಬರು ಅಕ್ಕತಂಗಿಯರಿಗೆ ಓದು ಬರಹ ಅಷ್ಟಕ್ಕಷ್ಟೇ. ನನ್ನನ್ನು ಬದುಕಿಸಿದವರು ಅವರು.

ಈಗ ಪ್ರದರ್ಶನದ ದಿನ.

ಸಭಾಗೃಹದ ತುಂಬ ಚಿತ್ರಗಳು. ಗುಡಿಯ ಗೋಪುರ, ಎತ್ತಿನ ಜೋಡಿ, ಭೀಮೆಯ ಮೇಲೆ ಮುಳುಗುವ ಸೂರ್ಯ. ಮೌಶಿಯವನ್ನು ಕೊನೆಯ ಗೋಡೆಗೆ ಹಾಕಿದ್ದರು. ಜನ ಅಲ್ಲಿಗೆ ಬಂದು ಸ್ವಲ್ಪ ತಬ್ಬಿಬ್ಬಾಗಿ ಮುಂದೆ ಹೋಗುತ್ತಿದ್ದರು. ಒಬ್ಬರು ಮುದುಕರು ಬಚ್ಚಲ ಚಿತ್ರದ ಎದುರು ನಿಂತು, ನಮ್ಮವ್ವ ಹೀಗೇ ಎರೆಯುತ್ತಿದ್ದಳು ಎಂದು ಯಾರಿಗೋ ಹೇಳಿದರು. ನಾನು ಸೆರಗು ಹೊದ್ದು ಗೋಡೆಯ ಬಾಕಿನ ಮೇಲೆ ಕೂತಿದ್ದೆ. ಯಾರೂ ನನ್ನನ್ನು ಗುರುತಿಸಲಿಲ್ಲ. ಮೈ ತುಂಬಿಕೊಂಡಿತ್ತು, ಕೂದಲು ಮತ್ತೆ ಬಂದಿತ್ತು.

ಮಧ್ಯಾಹ್ನ ಸಭಾಗೃಹ ಖಾಲಿಯಾಗಿದ್ದಾಗ ಒಬ್ಬ ಹೆಂಗಸು ಬಂದಳು. ಹೆಗಲ ಮೇಲೆ ಸಣ್ಣ ಕೂಸು. ಜೊತೆಗೆ ಬಂದ ಗಂಡಸರು ಆಚೆ ಎತ್ತಿನ ಚಿತ್ರದ ಹತ್ತಿರ ನಿಂತರು. ಆಕೆ ಒಂದೊಂದೇ ದಾಟಿಕೊಂಡು ಬಂದು, ನಾನು ಕೂಸನ್ನು ಗಂಟಿನ ಹಾಗೆ ಹಿಡಿದು ಎಲ್ಲೋ ನೋಡುತ್ತ ಕೂತ ಚಿತ್ರದ ಎದುರು ನಿಂತಳು. ಮುಂದೆ ಹೋಗಲಿಲ್ಲ. ಗಂಡಸರು ಕರೆದರೂ ಹೋಗಲಿಲ್ಲ. ಆಮೇಲೆ ಬಾಕಿನ ಮೇಲಿದ್ದ ನನ್ನ ಕಡೆ ತಿರುಗಿದಳು. ಕಣ್ಣ ಕೆಳಗೆ ಕಪ್ಪಿತ್ತು.

"ಯಕ್ಕಾ, ಈಕಿ ಆಮ್ಯಾಗ ಆರಾಮ ಆದಳೇನ್ರಿ?"

ನಾನು ತಲೆಯ ಮೇಲಿನ ಸೆರಗು ಸರಿಸಿದೆ.

"ಆಗೀನವ್ವಾ. ಈಕಿ ನಾನ."

ಆಕೆ ನನ್ನನ್ನು ನೋಡಿದಳು, ಚಿತ್ರ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಬಂದು ನನ್ನ ಪಕ್ಕ ಕೂತಳು. ಕೂಸನ್ನು ಹೆಗಲಿನಿಂದ ಇಳಿಸಿ ನಮ್ಮಿಬ್ಬರ ನಡುವೆ ಮಲಗಿಸಿದಳು. ಗಂಡಸರಿಗೆ ಕೇಳಿಸದ ಹಾಗೆ ಅಂದಳು:

"ನಂಗೂ ನಿದ್ದಿ ಬರವಲ್ದ್ರಿ."

ನಾನು ಆಕೆಯ ಹತ್ತಿರ ಸರಿದು ಕೂತೆ.

"ಹೇಳು," ಅಂದೆ.